ಚೀಲದ ಬದಿಯ ಉಬ್ಬು: ನಾಚಿಕೆಯಿಂದ ಮುಚ್ಚಿಡುವ ಕಾಯಿಲೆಯಲ್ಲ

ನಾಲ್ಕು ಜನರ ಎದುರು ಹೇಳಿಕೊಳ್ಳಲು ನಾವು ಹಿಂಜರಿಯುವ ಕಾಯಿಲೆಗಳು ಕೆಲವಿವೆ. ಜ್ವರ ಬಂದರೆ, ಕೈ ಮುರಿದರೆ ಊರಿಗೆಲ್ಲ ತಿಳಿಯುತ್ತದೆ. ಮಲವಿಸರ್ಜನೆಗೆ ಸಂಬಂಧಿಸಿದ ತೊಂದರೆಯಾದರೆ ಒಳಕೋಣೆಯ ಮಾತು ಚಾವಡಿಗೂ ಬರುವುದಿಲ್ಲ. ಅಂತಹ ಒಂದು ವಿಷಯವನ್ನು ಇಂದು ವಾಚಕರ ಮುಂದಿಡುತ್ತಿದ್ದೇನೆ. ನಾನು ವೈದ್ಯನಲ್ಲ, ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುವ ಒಬ್ಬ ಅಧ್ಯಾಪಕ. ಆದರೆ ನಮ್ಮ ಕುಟುಂಬದಲ್ಲಿಯೇ ನಡೆದ ಒಂದು ಪ್ರಸಂಗದಿಂದಾಗಿ ಈ ವಿಷಯವನ್ನು ತಿಳಿದವರಿಂದ ಕೇಳಿ, ಓದಿ ಅರಿತುಕೊಳ್ಳಬೇಕಾಯಿತು. ಹಾಗೆ ಅರಿತದ್ದು ಇನ್ನೊಂದು ಮನೆಯವರಿಗೂ ಉಪಯೋಗಕ್ಕೆ ಬರಲಿ ಎಂಬುದಷ್ಟೇ ಈ ಬರಹದ ಉದ್ದೇಶ.

2023ರ ಡಿಸೆಂಬರಿನ ಒಂದು ರಾತ್ರಿ ನನ್ನ ಅಕ್ಕ ಫೋನು ಮಾಡಿದಳು. ಸ್ವರ ತಗ್ಗಿಸಿ ಮಾತನಾಡುತ್ತಿದ್ದಳು. "ತಮ್ಮಾ, ನಿನ್ನ ಭಾವನಿಗೆ ಚೀಲದ ಬದಿಯಲ್ಲಿ ಹೊಟ್ಟೆ ಉಬ್ಬಿದ ಹಾಗೆ ಉಂಟು. ಕೇಳಿದರೆ ಏನಿಲ್ಲ ಹೇಳ್ತಾರೆ. ರಾತ್ರಿ ನಿದ್ದೆಯೇ ಇಲ್ಲ. ಯಾರಿಗೂ ಹೇಳಬಾರದಂತೆ."

ಭಾವನಿಗೆ 2022ರ ಮಳೆಗಾಲದಲ್ಲಿ ಗುದನಾಳದ ಕ್ಯಾನ್ಸರಿಗಾಗಿ ದೊಡ್ಡ ಶಸ್ತ್ರಕ್ರಿಯೆ ಆಗಿತ್ತು. ಅಂದಿನಿಂದ ಹೊಟ್ಟೆಯ ಎಡಬದಿಯಲ್ಲಿ ಚೀಲ. ಮರುದಿನ ಬೆಳಗ್ಗಿನ ಬಸ್ಸಿಗೆ ಹೋದೆ. ಭಾವ ಜಗಲಿಯಲ್ಲಿ ಕುಳಿತಿದ್ದರು. ಬಹಳ ಹೊತ್ತು ಅಡಿಕೆಯ ಧಾರಣೆಯ ಮಾತನಾಡಿದ ಮೇಲೆ ಮೆಲ್ಲಗೆ ಹೇಳಿದರು: "ಅದು ಪುನಃ ಬಂದಿದೆ ಭಾವ. ಇನ್ನು ಓಡಾಟ ಬೇಡ. ಇರುವ ತೋಟ ಮಾರಿ ಆಸ್ಪತ್ರೆಗೆ ಸುರಿಯುವುದು ಬೇಡ." ಉಬ್ಬು ಕಾಣಿಸಿಕೊಂಡು ಐದು ತಿಂಗಳಾಗಿತ್ತು. ಆ ಐದು ತಿಂಗಳೂ ಅವರು ಅದನ್ನು ಬೈರಾಸಿನಡಿ ಮುಚ್ಚಿಟ್ಟು, ಸಾವು ಬಂತೆಂದು ಒಬ್ಬರೇ ನಂಬಿಕೊಂಡು ಕುಳಿತಿದ್ದರು.

ಒತ್ತಾಯಿಸಿ ಮಂಗಳೂರಿಗೆ ಕರೆದುಕೊಂಡು ಹೋದೆವು. ಡಾಕ್ಟರರು ನಿಲ್ಲಿಸಿ ಕೆಮ್ಮಿಸಿದರು, ಮಲಗಿಸಿ ಕೈಯಿಂದ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು. ಕ್ಯಾನ್ಸರ್ ಮರಳಿ ಬಂದಿರಲಿಲ್ಲ. ಬಂದದ್ದು ಹರ್ನಿಯಾ.

ಹೊಟ್ಟೆಯ ಮೇಲೊಂದು ಬಾಯಿ

ಗುದದ್ವಾರಕ್ಕೆ ತೀರ ಹತ್ತಿರದಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಾಗ, ಮಲವನ್ನು ತಡೆದು ಹಿಡಿಯುವ ಸ್ನಾಯುಗಳ ಸಹಿತ ಆ ಭಾಗವನ್ನು ತೆಗೆಯಬೇಕಾಗುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಮೈಲ್ಸ್ ಎಂಬವರು ಈ ಶಸ್ತ್ರಕ್ರಿಯೆಯ ಕ್ರಮವನ್ನು 1908ರಲ್ಲಿ ಪ್ರಕಟಿಸಿದರು. ಆ ಬಳಿಕ ವಿಧಾನ ಬಹಳ ಸುಧಾರಿಸಿದೆ. ಅನೇಕರಲ್ಲಿ ಈಗ ಗುದದ್ವಾರವನ್ನು ಉಳಿಸಿಕೊಳ್ಳಲು ಸಾಧ್ಯವಾಗುತ್ತದೆ. ಉಳಿಸಲಾಗದವರಲ್ಲಿ ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಯ ಮೂಲಕ ಹೊರತಂದು ಚರ್ಮಕ್ಕೆ ಹೊಲಿಯುತ್ತಾರೆ. ಇದಕ್ಕೆ ಕೊಲೊಸ್ಟಮಿ ಎಂದು ಹೆಸರು. ಹೊರಬಂದ ಕರುಳಿನ ಬಾಯಿಗೆ ಸ್ಟೋಮಾ ಎನ್ನುತ್ತಾರೆ. ಅದು ನಮ್ಮ ಬಾಯಿಯ ಒಳಭಾಗದಂತೆ ಕೆಂಪಾಗಿ, ತೇವವಾಗಿ ಇರುತ್ತದೆ. ಮಲವು ಅದರ ಮೂಲಕ ಅಂಟಿಸಿದ ಚೀಲಕ್ಕೆ ಬಂದು ಬೀಳುತ್ತದೆ. ಕೆಲವರಲ್ಲಿ ಇದು ಕೆಲವು ತಿಂಗಳ ವ್ಯವಸ್ಥೆ. ಗುದದ್ವಾರವನ್ನೇ ತೆಗೆದವರಲ್ಲಿ ಶಾಶ್ವತ.

ಶಾಶ್ವತ ಚೀಲದೊಂದಿಗೆ ಉಂಡು, ದುಡಿದು, ಬಸ್ಸಿನಲ್ಲಿ ಓಡಾಡಿ, ಮದುವೆ ಮುಂಜಿಗಳಿಗೆ ಹೋಗಿಬಂದು ಹತ್ತಾರು ವರ್ಷ ಬಾಳುವವರಿದ್ದಾರೆ. ಆದ್ದರಿಂದ ಚೀಲವೆಂದರೆ ಬದುಕಿನ ಕೊನೆ ಎಂದು ತಿಳಿಯುವುದು ತಪ್ಪು. ಆದರೆ ಬಾಳುವ ವರ್ಷಗಳು ಹೆಚ್ಚಿದಂತೆ ಹರ್ನಿಯಾದ ಸಂಭವವೂ ಹೆಚ್ಚುತ್ತದೆ ಎಂಬುದನ್ನು ತಿಳಿದಿರಬೇಕು.

ಕಟ್ಟದ ನಡುವಿನ ಪೈಪು

ಮಳೆ ನಿಂತ ಮೇಲೆ ತೋಡಿಗೆ ಕಟ್ಟ ಹಾಕುವುದು ನಮ್ಮ ಕಡೆಯ ಕೃಷಿಕರಿಗೆ ಹೊಸತಲ್ಲ. ಕಲ್ಲು ಮಣ್ಣು ತುಂಬಿ ಎಷ್ಟು ಗಟ್ಟಿಯಾಗಿ ಕಟ್ಟಿದರೂ, ನಡುವೆ ಒಂದು ಪೈಪು ಇಟ್ಟರೆ ನೀರು ಮೊದಲು ಒಸರುವುದು ಆ ಪೈಪಿನ ಸುತ್ತಲೇ. ನೀರಿನ ಒತ್ತಡ ಹೆಚ್ಚಿದಷ್ಟು ಅಲ್ಲಿನ ಸಂದು ಅಗಲವಾಗುತ್ತದೆ. ಹೊಟ್ಟೆಯ ಗೋಡೆಯಲ್ಲಿ ಆಗುವುದೂ ಇದೇ.

ಹೊಟ್ಟೆಯ ಮುಂಭಾಗದಲ್ಲಿ ಸ್ನಾಯುಗಳೂ ಅವುಗಳ ಮೇಲಿನ ಗಟ್ಟಿ ಪೊರೆಗಳೂ ಸೇರಿ ಒಂದು ಗೋಡೆಯಾಗಿವೆ. ಕರುಳನ್ನು ಹೊರತರಲು ಆ ಗೋಡೆಯಲ್ಲಿ ಸುಮಾರು ಎರಡು ಬೆರಳು ಹಿಡಿಯುವಷ್ಟು ದಾರಿ ಮಾಡುತ್ತಾರೆ. ಈ ದಾರಿಯನ್ನು ಮುಚ್ಚುವಂತಿಲ್ಲ, ಮುಚ್ಚಿದರೆ ಮಲ ಹೊರಬರುವುದೆಲ್ಲಿಂದ? ಕೆಮ್ಮಿದಾಗ, ಸೀನಿದಾಗ, ತಿಣುಕಿದಾಗ, ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಈ ದಾರಿಯ ಅಂಚನ್ನು ದಿನದಿನವೂ ತುಸು ತುಸುವೇ ಹಿಗ್ಗಿಸುತ್ತದೆ. ಒಂದು ದಿನ ಒಳಗಿನ ಕೊಬ್ಬಿನ ಪದರವೋ ಕರುಳಿನ ಮಡಿಕೆಯೋ ಸ್ಟೋಮಾದ ಬದಿಯಿಂದ ನುಸುಳಿ ಚರ್ಮದಡಿಗೆ ಬಂದು ಕೂರುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಉಬ್ಬು ಮಾತ್ರ.

ಇದು ಅಪರೂಪದ ಸಂಗತಿಯೆಂದು ಯಾರೂ ಭಾವಿಸಬಾರದು. ಯುರೋಪಿನ ಹರ್ನಿಯಾ ತಜ್ಞರ ಸಂಘ, ಅಂದರೆ ಯುರೋಪಿಯನ್ ಹರ್ನಿಯಾ ಸೊಸೈಟಿ, 2018ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯ ಅಂದಾಜಿನಂತೆ, ಸ್ಟೋಮಾ ಇರುವವರಲ್ಲಿ ಮೊದಲ ವರ್ಷದೊಳಗೆ ನೂರಕ್ಕೆ 30ಕ್ಕಿಂತ ಹೆಚ್ಚು ಮಂದಿಗೆ, ಎರಡು ವರ್ಷದೊಳಗೆ 40 ಮಂದಿಗೆ, ಇನ್ನೂ ದೀರ್ಘಕಾಲದಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಮೀರಿ ಜನರಿಗೆ ಇದು ಬರುತ್ತದೆ. ಸ್ಟೋಮಾದ ಬಗೆಗಳ ಪೈಕಿ ಶಾಶ್ವತ ಕೊಲೊಸ್ಟಮಿಯಲ್ಲಿಯೇ ಇದರ ಸಂಭವ ಹೆಚ್ಚು. ಇಷ್ಟು ಸಾಮಾನ್ಯವಾದುದನ್ನು ನಮ್ಮ ಭಾವ ತನಗೊಬ್ಬನಿಗೇ ಬಂದ ಶಾಪವೆಂದು ತಿಳಿದಿದ್ದರು.

ಯಾರಿಗೆ ಹೆಚ್ಚು?

ವಯಸ್ಸಾದವರಿಗೆ, ಹೊಟ್ಟೆಯ ಸುತ್ತ ಬೊಜ್ಜು ಬೆಳೆದವರಿಗೆ, ಬಹುಕಾಲದ ಕೆಮ್ಮು ದಮ್ಮು ಇರುವವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣುತ್ತದೆಂದು ಹಲವು ಅಧ್ಯಯನಗಳು ಹೇಳುತ್ತವೆ. ಸ್ಟಿರಾಯ್ಡ್ ಮದ್ದನ್ನು ದೀರ್ಘಕಾಲ ಸೇವಿಸುವವರು, ಪೌಷ್ಟಿಕ ಆಹಾರವಿಲ್ಲದೆ ಸೊರಗಿದವರು, ಶಸ್ತ್ರಕ್ರಿಯೆಯ ಗಾಯ ಕೀವಾದವರು ಕೂಡ ಎಚ್ಚರದಿಂದಿರಬೇಕು. ಮಲಬದ್ಧತೆಯಿಂದ ತಿಣುಕುವವರು, ಮೂತ್ರಕೋಶದ ಕೆಳಭಾಗದಲ್ಲಿರುವ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರಕ್ಕಾಗಿ ತಿಣುಕುವ ವೃದ್ಧರು ಹೊಟ್ಟೆಯ ಒತ್ತಡವನ್ನು ತಿಳಿಯದೆಯೇ ಏರಿಸಿಕೊಳ್ಳುತ್ತಾರೆ.

ನಮ್ಮ ಭಾವನ ಲೆಕ್ಕ ನೋಡಿ. ವಯಸ್ಸು ಅರುವತ್ತು ದಾಟಿತ್ತು. ಬೀಡಿ ಬಿಟ್ಟದ್ದು ಶಸ್ತ್ರಕ್ರಿಯೆಯ ವಾರದಲ್ಲಿ. ಬೀಡಿ ಬಿಟ್ಟರೂ ಹಳೆಯ ಕೆಮ್ಮು ಬಿಡಲಿಲ್ಲ. ಎರಡು ತಿಂಗಳು ತುಂಬುವ ಮೊದಲೇ, ಆಳು ಸಿಗಲಿಲ್ಲವೆಂದು, ಮಳೆ ಬರುವ ಸೂಚನೆ ಕಂಡಾಗ ಅಂಗಳದ ಅಡಿಕೆಯನ್ನು ಗೋಣಿಗೆ ತುಂಬಿ ತಾವೇ ಎತ್ತಿ ಒಳಗಿಟ್ಟಿದ್ದರು.

ಗುರುತಿಸುವುದು ಹೇಗೆ?

ಸ್ಟೋಮಾದ ಸುತ್ತ ಅಥವಾ ಒಂದು ಬದಿಯಲ್ಲಿ ಮೆತ್ತಗಿನ ಉಬ್ಬು ಕಾಣುತ್ತದೆ. ನಿಂತಾಗ, ಕೆಮ್ಮಿದಾಗ ದೊಡ್ಡದಾಗುತ್ತದೆ, ಮಲಗಿದಾಗ ಕುಗ್ಗುತ್ತದೆ. ಬೆಳಗ್ಗೆ ಇಲ್ಲವೆಂದು ಸಮಾಧಾನಪಟ್ಟವರಿಗೆ ಸಂಜೆ ಪುನಃ ಕಾಣುತ್ತದೆ. ಕೆಲವರಿಗೆ ನೋವೇ ಇರುವುದಿಲ್ಲ, ಕೆಲವರಿಗೆ ಜಗ್ಗಿದಂತಹ ಮಂದ ನೋವು. ಚರ್ಮ ಉಬ್ಬಿ ಆಕಾರ ಬದಲಾದುದರಿಂದ ಹಿಂದೆ ಸರಿಯಾಗಿ ಅಂಟುತ್ತಿದ್ದ ಚೀಲ ಈಗ ಅಂಚಿನಲ್ಲಿ ಸೋರತೊಡಗುತ್ತದೆ. ಸೋರಿದ ಮಲ ತಾಗಿ ಚರ್ಮ ಕೆಂಪಾಗಿ ಉರಿಯುತ್ತದೆ. ಹೀಗೆ ಚೀಲ ಪದೇ ಪದೇ ಸೋರುವುದೇ ಹಲವರಲ್ಲಿ ಮೊದಲ ಸೂಚನೆ. ಅಕ್ಕ ಚೀಲದ ಕಂಪನಿಯನ್ನು ಬೈಯುತ್ತಿದ್ದಳು, ಕಾರಣ ಚೀಲದಲ್ಲಿರಲಿಲ್ಲ.

ಉಬ್ಬು ಕಂಡಾಗ ಅದು ಹರ್ನಿಯಾವೆಂದು ನಾವೇ ತೀರ್ಮಾನಿಸಿ ಸುಮ್ಮನಿರುವುದೂ ಸರಿಯಲ್ಲ, ಕ್ಯಾನ್ಸರೇ ಎಂದು ತೀರ್ಮಾನಿಸಿ ಕೈಚೆಲ್ಲುವುದೂ ಸರಿಯಲ್ಲ. ಕರುಳು ಸ್ಟೋಮಾದ ಬಾಯಿಯಿಂದಲೇ ಉದ್ದವಾಗಿ ಹೊರಜಾರುವ ಇನ್ನೊಂದು ತೊಂದರೆಯೂ ಉಂಟು. ಯಾವುದು ಏನೆಂದು ಹೇಳಬೇಕಾದವರು ವೈದ್ಯರು. ಕೈಗೆ ಸಿಗದಷ್ಟು ಸಣ್ಣ ಹರ್ನಿಯಾ ಸಿ.ಟಿ. ಸ್ಕ್ಯಾನಿನಲ್ಲಿ ಕಾಣುತ್ತದೆ.

ತಡಮಾಡಬಾರದ ಲಕ್ಷಣಗಳು

ಹೆಚ್ಚಿನ ಹರ್ನಿಯಾಗಳು ತೊಂದರೆ ಕೊಡುತ್ತವೆಯೇ ಹೊರತು ಪ್ರಾಣಕ್ಕೆ ಎರವಾಗುವುದಿಲ್ಲ. ಆದರೆ ನುಸುಳಿದ ಕರುಳು ಸಂದಿನಲ್ಲಿ ಸಿಕ್ಕಿಬಿದ್ದು ಅದರ ರಕ್ತಸಂಚಾರ ನಿಂತರೆ ಪರಿಸ್ಥಿತಿ ಬೇರೆ. ಈ ಕೆಳಗಿನ ಲಕ್ಷಣಗಳನ್ನು ಮನೆಯವರೆಲ್ಲರೂ ಬಾಯಿಪಾಠ ಮಾಡಿಕೊಳ್ಳಬೇಕು.

ಹೊಟ್ಟೆಯಲ್ಲಿ ತಡೆಯಲಾರದ, ಬಿಟ್ಟು ಬಿಟ್ಟು ಹಿಂಡುವ ನೋವು. ಚೀಲಕ್ಕೆ ಮಲವೂ ಬಾರದೆ, ವಾಯುವೂ ಬಾರದೆ ಇರುವುದು. ಹೊಟ್ಟೆ ಉಬ್ಬರಿಸಿ ವಾಂತಿಯಾಗುವುದು. ಮಲಗಿದರೆ ಒಳಹೋಗುತ್ತಿದ್ದ ಉಬ್ಬು ಗಟ್ಟಿಯಾಗಿ ನಿಂತು ಮುಟ್ಟಿದರೆ ನೋಯುವುದು. ಕೆಂಪಾಗಿರಬೇಕಾದ ಸ್ಟೋಮಾ ನೇರಳೆ ಬಣ್ಣಕ್ಕೆ ಅಥವಾ ಕಪ್ಪಿಗೆ ತಿರುಗುವುದು.

ಇವುಗಳಲ್ಲಿ ಯಾವುದು ಕಂಡರೂ ಕಷಾಯ ಕುಡಿಸುತ್ತ, ಎಣ್ಣೆ ಹಚ್ಚುತ್ತ, ಬೆಳಗಾಗಲಿ ಎಂದು ಕಾಯುತ್ತ ಕೂರಬಾರದು. ಉಬ್ಬನ್ನು ಬಲವಂತವಾಗಿ ಒಳಗೊತ್ತಬಾರದು. ಭೇದಿಯ ಮದ್ದು ಕೊಡಬಾರದು. ಶಸ್ತ್ರಕ್ರಿಯೆಯ ವ್ಯವಸ್ಥೆ ಇರುವ ಆಸ್ಪತ್ರೆಗೆ ಆ ರಾತ್ರಿಯೇ ಹೋಗಬೇಕು.

ಮುನ್ನೆಚ್ಚರಿಕೆ

ಎಚ್ಚರ ಶಸ್ತ್ರಕ್ರಿಯೆಗೆ ಮೊದಲೇ ಆರಂಭವಾಗಬೇಕು. ಸ್ಟೋಮಾ ಎಲ್ಲಿ ಬರಬೇಕೆಂಬುದನ್ನು ರೋಗಿಯನ್ನು ಮಲಗಿಸಿ, ಕುಳ್ಳಿರಿಸಿ, ನಿಲ್ಲಿಸಿ, ಬಾಗಿಸಿ ನೋಡಿ ಗುರುತು ಹಾಕುವ ಕ್ರಮವಿದೆ. ಚರ್ಮದ ಮಡಿಕೆ, ಹಳೆಯ ಗಾಯದ ಕಲೆ, ಸೊಂಟದ ಪಟ್ಟಿ ಬೀಳುವ ಜಾಗ ಇವುಗಳನ್ನು ತಪ್ಪಿಸಬೇಕು. ರೋಗಿಯ ಕಣ್ಣಿಗೆ ಅದು ಕಾಣುವಂತಿರಬೇಕು. ನಮ್ಮ ಗಂಡಸರು ಮುಂಡು ಕಟ್ಟುವವರು, ಹೆಂಗಸರು ಸೀರೆ ಉಡುವವರು. ಎಲ್ಲಿ ಕಟ್ಟುತ್ತೇವೆಂದು ಮೊದಲೇ ತೋರಿಸಿಕೊಡುವುದು ಒಳ್ಳೆಯದು. ಧೂಮಪಾನ ಬಿಡುವುದು, ತೂಕ ಇಳಿಸುವುದು, ಕೆಮ್ಮಿಗೆ ಮದ್ದು ಮಾಡಿಸುವುದು ಇವೂ ಮೊದಲೇ ಆಗಬೇಕಾದ ಕೆಲಸಗಳು.

ಶಸ್ತ್ರಕ್ರಿಯೆಯ ಸಮಯದಲ್ಲಿಯೇ ಸ್ಟೋಮಾದ ಸುತ್ತ ಬಲೆಯಂತಹ ಜಾಲರಿಯೊಂದನ್ನು ಇಟ್ಟು ಗೋಡೆಯನ್ನು ಬಲಪಡಿಸುವ ಕ್ರಮವೂ ಇದೆ. ಶಾಶ್ವತ ಕೊಲೊಸ್ಟಮಿ ಮಾಡುವಾಗ ಇದನ್ನು ಇಡುವುದು ಲೇಸೆಂದು ಮೇಲೆ ಹೇಳಿದ 2018ರ ಮಾರ್ಗದರ್ಶಿಯಲ್ಲಿತ್ತು. ಬಳಿಕದ ಕೆಲವು ಪರೀಕ್ಷೆಗಳಲ್ಲಿ ಅಷ್ಟು ಪ್ರಯೋಜನ ಕಂಡುಬರಲಿಲ್ಲ. ಹೀಗಾಗಿ ಶಸ್ತ್ರವೈದ್ಯರಲ್ಲಿ ಒಮ್ಮತವಿಲ್ಲ. ತಮಗೆ ಅದು ತಕ್ಕುದೇ ಎಂದು ಕೇಳುವ ಹಕ್ಕು ಮಾತ್ರ ರೋಗಿಗಿದೆ.

ಮನೆಗೆ ಬಂದ ಮೇಲೆ ಮೊದಲ ಮೂರು ತಿಂಗಳು ಬಹಳ ಮುಖ್ಯ. ಭಾರ ಎತ್ತಬಾರದು ಎಂದರೆ ನಮ್ಮವರು ಅಕ್ಕಿಯ ಮೂಟೆ ಎಂದಷ್ಟೇ ತಿಳಿಯುತ್ತಾರೆ. ಬಾವಿಯಿಂದ ಸೇದಿದ ತುಂಬಿದ ಕೊಡಪಾನವೂ ಭಾರವೇ. ತುಂಬಿದ ಅಡಿಗೆ ಅನಿಲದ ಸಿಲಿಂಡರು ಸುಮಾರು 30 ಕಿಲೋ ತೂಗುತ್ತದೆ. ಹಟ್ಟಿಗೆ ಸೊಪ್ಪಿನ ಹೊರೆ ತರುವುದು, ಹಾರೆ ಹಿಡಿದು ಅಗೆಯುವುದು, ಮೊಮ್ಮಗುವನ್ನು ಸೊಂಟಕ್ಕೆತ್ತಿಕೊಳ್ಳುವುದು ಎಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತವೆ. ಆ ಮೇಲೆಯೂ ಎಷ್ಟು ಎತ್ತಬಹುದೆಂದು ತಮ್ಮ ಡಾಕ್ಟರರನ್ನು ಕೇಳಿಯೇ ಮುಂದುವರಿಯಬೇಕು.

ಹಾಗೆಂದು ಮೂಲೆ ಹಿಡಿದು ಮಲಗುವುದೂ ತಪ್ಪು. ದಿನವೂ ನಡೆಯಬೇಕು. ಹೊಟ್ಟೆಯ ಸ್ನಾಯುಗಳಿಗೆ ಹಗುರವಾದ ವ್ಯಾಯಾಮಗಳಿವೆ. ಅವನ್ನು ಆಸ್ಪತ್ರೆಯಲ್ಲಿ ಕಲಿತು ಮಾಡಬೇಕೇ ಹೊರತು ಕಂಡ ಕಂಡ ಆಸನಗಳನ್ನು ಮಾಡಬಾರದು. ಹಾಸಿಗೆಯಿಂದ ಏಳುವಾಗ ನೇರ ಎದ್ದು ಕೂರದೆ, ಮೊದಲು ಮಗ್ಗುಲಿಗೆ ಹೊರಳಿ, ಕೈಯೂರಿ ಏಳಬೇಕು. ಕೆಮ್ಮು, ಸೀನು ಬರುವಾಗ ಅಂಗೈಯನ್ನೋ ಮಡಚಿದ ಬೈರಾಸನ್ನೋ ಸ್ಟೋಮಾದ ಮೇಲೆ ಒತ್ತಿ ಹಿಡಿಯಬೇಕು. ಸಾಕಷ್ಟು ನೀರು, ತರಕಾರಿ, ಹಣ್ಣು ಸೇವಿಸಿ ಮಲ ಗಟ್ಟಿಯಾಗದಂತೆ ನೋಡಿಕೊಳ್ಳಬೇಕು.

ಹೊಟ್ಟೆಗೆ ಕಟ್ಟುವ ಆಧಾರದ ಪಟ್ಟಿಯೂ ದೊರೆಯುತ್ತದೆ. ಇದನ್ನು ಕಟ್ಟಿದರೆ ಹರ್ನಿಯಾ ಬರುವುದೇ ಇಲ್ಲವೆಂದು ಯಾರೂ ಭರವಸೆ ಕೊಡಲಾರರು. ಆದರೆ ಕೆಲಸ ಮಾಡುವಾಗ ಅನೇಕರಿಗೆ ಆಧಾರವಾಗುತ್ತದೆ. ಅಳತೆ ತೆಗೆಸಿಯೇ ಕೊಳ್ಳಬೇಕು. ಸ್ಟೋಮಾವನ್ನು ಅಮುಕುವಷ್ಟು ಬಿಗಿಯಾಗಿ ಕಟ್ಟಬಾರದು.

ಬಂದ ಮೇಲೆ

ಹರ್ನಿಯಾ ಬಂದವರೆಲ್ಲರಿಗೂ ಶಸ್ತ್ರಕ್ರಿಯೆ ಬೇಕಾಗುವುದಿಲ್ಲ. ನೋವಿಲ್ಲದಿದ್ದರೆ, ಚೀಲ ಸರಿಯಾಗಿ ನಿಲ್ಲುವುದಾದರೆ, ಪಟ್ಟಿ ಕಟ್ಟಿ, ತೂಕ ಭಾರಗಳಲ್ಲಿ ಎಚ್ಚರ ವಹಿಸಿ ವರ್ಷಗಟ್ಟಲೆ ಇರಬಹುದು. ಪಟ್ಟಿಯನ್ನು ಬೆಳಗ್ಗೆ ಏಳುವ ಮೊದಲು, ಉಬ್ಬು ಒಳಗಿರುವಾಗ, ಮಲಗಿಕೊಂಡೇ ಕಟ್ಟಬೇಕು. ಉಬ್ಬಿದ ಚರ್ಮಕ್ಕೆ ಹೊಂದಿಕೊಳ್ಳುವ ಮೆದು ಅಂಚಿನ ಚೀಲಗಳಿವೆ. ಚೀಲದ ಬಾಯಿಯ ಅಳತೆಯನ್ನು ಪುನಃ ತೆಗೆದು ಕತ್ತರಿಸಿಕೊಳ್ಳಬೇಕು. ಸ್ಟೋಮಾದ ಮೂಲಕ ನೀರು ಹಾಯಿಸಿ ಕರುಳು ತೊಳೆಯುವ ಅಭ್ಯಾಸವಿರುವವರು ಹರ್ನಿಯಾ ಬಂದ ಮೇಲೆ ವೈದ್ಯರನ್ನು ಕೇಳದೆ ಅದನ್ನು ಮುಂದುವರಿಸಬಾರದು.

ನೋವು ಹೆಚ್ಚಿದರೆ, ಚೀಲ ನಿಲ್ಲದೇ ಹೋದರೆ, ಕರುಳು ಸಿಕ್ಕಿಬೀಳುವ ಲಕ್ಷಣ ಕಂಡರೆ ಶಸ್ತ್ರಕ್ರಿಯೆ. ಬರಿಯ ದಾರದಿಂದ ಹೊಲಿದು ಸಂದನ್ನು ಕಿರಿದು ಮಾಡಿದರೆ ಬಹಳ ಜನರಲ್ಲಿ ಪುನಃ ಬರುತ್ತದೆ. ಆದ್ದರಿಂದ ಜಾಲರಿ ಇಟ್ಟು ಸರಿಪಡಿಸುವುದೇ ಈಗ ರೂಢಿ. ಅಮೆರಿಕದ ಶುಗರ್‌ಬೇಕರ್ ಎಂಬ ಶಸ್ತ್ರವೈದ್ಯರು 1985ರಲ್ಲಿ ವಿವರಿಸಿದ ವಿಧಾನದಲ್ಲಿ ಒಳಗಿನಿಂದ ಜಾಲರಿ ಹೊದಿಸಿ ಕರುಳನ್ನು ಬದಿಯಿಂದ ಹಾಯುವಂತೆ ಮಾಡುತ್ತಾರೆ. ಇಂದು ಅದನ್ನು ದುರ್ಬೀನಿನ ಮೂಲಕ ಸಣ್ಣ ರಂಧ್ರಗಳಿಂದಲೂ ಮಾಡುತ್ತಾರೆ. ಜಾಲರಿ ಇಟ್ಟರೂ ಕೆಲವರಲ್ಲಿ ಮರುಕಳಿಸುವುದುಂಟು. ಹಾಗಾಗಿಯೇ ಡಾಕ್ಟರರು ಆತುರಪಡುವುದಿಲ್ಲ.

ನಮ್ಮ ಭಾಷೆಯಲ್ಲಿ ಒಂದು ಚೀಟಿ

ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಅಪೂರ್ಣ. ಮಂಗಳೂರಿನಿಂದ ಬಂದ ದಿನ ಭಾವನ ಹಳೆಯ ಕಡತವನ್ನು ಬಿಚ್ಚಿ ನೋಡಿದೆ. ಮೊದಲ ಶಸ್ತ್ರಕ್ರಿಯೆಯಾಗಿ ಮನೆಗೆ ಕಳುಹಿಸುವಾಗ ಕೊಟ್ಟ ಕಾಗದದ ಕೊನೆಯಲ್ಲಿ, ಭಾರ ಎತ್ತಬಾರದು, ಉಬ್ಬು ಕಂಡರೆ ಬಂದು ತೋರಿಸಬೇಕು ಎಂದು ಸ್ಪಷ್ಟವಾಗಿ ಬರೆದಿತ್ತು. ಬರೆದದ್ದು ಇಂಗ್ಲಿಷಿನಲ್ಲಿ. ಆ ಕಾಗದವನ್ನು ಅಕ್ಕ ದೇವರ ಕೋಣೆಯ ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದಳು.

ಪಂಚಾಯತಿನ ಪಾಲಿಯೇಟಿವ್ ಶುಶ್ರೂಷಕಿ ಮನೆಗೆ ಬಂದು ನೋಡಿ ಹೋಗುತ್ತಿದ್ದರು. ಅವರು ಒಮ್ಮೆ "ಕುಡಲಿರಕ್ಕಂ ಉಂಡೋ?" ಎಂದು ಕೇಳಿದ್ದರಂತೆ. ಮಲೆಯಾಳದಲ್ಲಿ ಹರ್ನಿಯಾಕ್ಕೆ ಜನ ಹೇಳುವ ಮಾತು ಅದು, ಕರುಳು ಇಳಿಯುವುದು ಎಂದು ಅರ್ಥ. ಅಂಗಡಿ, ಬಸ್ಸಿನ ಮಲೆಯಾಳ ಅಕ್ಕನಿಗೆ ಬರುತ್ತದೆ, ಈ ಮಾತು ತಿಳಿದಿರಲಿಲ್ಲ. ತಿಳಿಯಲಿಲ್ಲವೆಂದು ಹೇಳಲು ಸಂಕೋಚವಾಗಿ ತಲೆಯಲ್ಲಾಡಿಸಿ "ಇಲ್ಲ" ಎಂದಳು. ಪುಸ್ತಕದಲ್ಲಿ ಇಲ್ಲವೆಂದೇ ದಾಖಲಾಯಿತು. ಉಬ್ಬು ಅಂದು ಬೈರಾಸಿನಡಿಯಲ್ಲಿತ್ತು.

ಯಾರನ್ನೂ ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಬರೆದವರು ಸರಿಯಾಗಿಯೇ ಬರೆದಿದ್ದರು, ಕೇಳಿದವರು ಸರಿಯಾಗಿಯೇ ಕೇಳಿದ್ದರು. ಮೂರು ನಾಲ್ಕು ಭಾಷೆಗಳ ನಡುವೆ ಬದುಕುವ ನಾವು, ತಿಳಿಯದ್ದನ್ನು ತಿಳಿಯಲಿಲ್ಲ ಎಂದು ಹೇಳುವ ಧೈರ್ಯವನ್ನು ಬೆಳೆಸಿಕೊಳ್ಳಬೇಕು. ಆಸ್ಪತ್ರೆಯಿಂದ ಹೊರಡುವ ದಿನ, ಕಾಗದದಲ್ಲಿ ಇರುವುದನ್ನು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಒಮ್ಮೆ ಹೇಳಿಸಿಕೊಂಡು ಬರೆದಿಟ್ಟುಕೊಳ್ಳಬೇಕು. ಅಲ್ಲಿ ಆಗದಿದ್ದರೆ ಊರಿನ ಶಾಲೆಯ ಅಧ್ಯಾಪಕರ ಬಳಿಗೆ ತನ್ನಿ. ಓದಿ ಹೇಳುವುದಕ್ಕೆ ಯಾವ ಅಧ್ಯಾಪಕನೂ ಬೇಸರಪಡಲಾರನೆಂದು ನಂಬಿದ್ದೇನೆ.

ಆ ಸಂಜೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರಗಳಲ್ಲಿ ಅಪಾಯದ ಐದು ಲಕ್ಷಣಗಳನ್ನೂ, ಮಾಡಬಾರದ ಕೆಲಸಗಳನ್ನೂ ಕನ್ನಡದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ ಬಂದೆ. ಅದು ಈಗಲೂ ಅಲ್ಲಿದೆ.

ಭಾವನಿಗೆ ಇದುವರೆಗೆ ಶಸ್ತ್ರಕ್ರಿಯೆ ಬೇಕಾಗಿಲ್ಲ. ಬೆಳಗ್ಗೆ ಮಲಗಿದ್ದಲ್ಲಿಯೇ ಪಟ್ಟಿ ಕಟ್ಟಿಕೊಂಡು ಏಳುತ್ತಾರೆ. ಗೋಣಿ ಎತ್ತುವುದು ಆಳುಗಳ ಕೆಲಸ, ಕುರ್ಚಿಯಲ್ಲಿ ಕುಳಿತು ಅಡಿಕೆ ಹೆಕ್ಕುವುದು ಅವರ ಕೆಲಸ. ಕಳೆದ ಸಲ ಹೋದಾಗ ಈ ವಿಷಯ ಪತ್ರಿಕೆಗೆ ಬರೆಯಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೆಸರು ಹಾಕಬೇಡ ಭಾವ. ಆದರೆ ಬರಿ. ನನ್ನ ಹಾಗೆ ಐದು ತಿಂಗಳು ಕೂತವರು ಬೇರೆ ಯಾರಾದರೂ ಇದ್ದರೆ ಇವತ್ತೇ ಹೊರಡಲಿ" ಎಂದರು.